ಅಪ್ಪನ ಐವತ್ತೊಂಬತ್ತು ಮಳೆಪುಸ್ತಕಗಳು

ಮಕ್ಕಂದೂರಿನವ:

ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಎಂಬತ್ತಾರು ವರ್ಷವಾಗಿತ್ತು. ಕಾಫಿ ಕೊಯ್ಲಿನ ನಡುವೆಯೇ ಹೋದರು. ಕಣದಲ್ಲಿ ಹರಡಿದ್ದ ಕಾಫಿ ಹಣ್ಣನ್ನು ಆ ರಾತ್ರಿ ಯಾರೂ ಮುಚ್ಚಲಿಲ್ಲ, ಇಬ್ಬನಿಗೆ ನೆನೆಯಿತು. ಅಪ್ಪ ಇದ್ದಿದ್ದರೆ ನಮಗೆಲ್ಲ ಬೈಗುಳ ತಪ್ಪುತ್ತಿರಲಿಲ್ಲ. ಸಾವಿನ ಸುದ್ದಿ ಸಾರಲು ನಮ್ಮ ರೂಢಿಯಂತೆ ಜೋಡಿ ಗುಂಡು ಹಾರಿಸಿದೆವು, ಜನ ಬಂದರು, ಕಾರ್ಯ ಮುಗಿಯಿತು, ನೆಂಟರು ಹೊರಟರು. ಈಗ ಅವರ ಕೋಣೆ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಕೋವಿ, ಕೋಟು, ವಾಕಿಂಗ್ ಸ್ಟಿಕ್, ಎಲ್ಲಕ್ಕೂ ಕೇಳುವವರಿದ್ದರು. ಯಾರೂ ಕೇಳದೆ ಉಳಿದದ್ದು ಮಂಚದ ಕೆಳಗಿನ ತಗಡಿನ ಪೆಟ್ಟಿಗೆ. ಅದರಲ್ಲಿ 1965ರಿಂದ 2023ರವರೆಗೆ ವರ್ಷಕ್ಕೊಂದರಂತೆ ಐವತ್ತೊಂಬತ್ತು ಪುಸ್ತಕಗಳಿವೆ. ಪ್ರತಿ ಸಾಲಿನಲ್ಲಿ ತಾರೀಖು, ನಕ್ಷತ್ರ, ಮಳೆ ಇಂಚು ಮತ್ತು ಸೆಂಟ್‌ನಲ್ಲಿ, ಪಕ್ಕದಲ್ಲಿ ಎರಡು ಮೂರು ಪದ. 'ಹೂಮಳೆ. ಸಾಕಾಗಲಿಲ್ಲ.' 'ಪುಷ್ಯ ಬಲವಾಗಿದೆ.' 'ಆನೆ, ಬಾಳೆ ಹೋಯಿತು.' (ಹೂಮಳೆ ಎಂದರೆ ಕಾಫಿ ಹೂ ಬಿಡಲು ಬೇಕಾದ ಬೇಸಿಗೆಯ ಮಳೆ.) ನನ್ನ ತಂಗಿ ಹುಟ್ಟಿದ ದಿನದ ಸಾಲಿನಲ್ಲಿ '1 ಇಂಚು 15. ಹೆಣ್ಣು.' ಎಂದಿದೆ. ನಾನು ಹುಟ್ಟಿದ ದಿನ ಮಳೆ ಇರಲಿಲ್ಲವಂತೆ, ಆದ್ದರಿಂದ ಸಾಲೇ ಇಲ್ಲ. ಇದನ್ನು ಹೇಳಿಕೊಂಡು ತಂಗಿ ನಲವತ್ತು ವರ್ಷಗಳಿಂದ ನಗುತ್ತಿದ್ದಾಳೆ.

ನಮ್ಮ ಕಡೆಯವರಿಗೆ ಇದು ಗೊತ್ತು, ಬೇರೆ ಊರಿನವರಿಗಾಗಿ ಬರೆಯುತ್ತೇನೆ. ಕೊಡಗಿನಲ್ಲಿ ಮಳೆಗಾಲದ ಕುಶಲಪ್ರಶ್ನೆ 'ಹೇಗಿದ್ದೀರಿ' ಅಲ್ಲ, 'ನಿಮ್ಮಲ್ಲಿ ಎಷ್ಟು' ಎಂಬುದು. ದೇಶವೆಲ್ಲ ಮಿಲಿಮೀಟರಿಗೆ ಬಂದು ಎಷ್ಟೋ ವರ್ಷವಾದರೂ ತೋಟದವರು ಇಂಚನ್ನು ಬಿಟ್ಟಿಲ್ಲ. ಇಂಚಿನ ನೂರನೆಯ ಒಂದು ಭಾಗ ಒಂದು ಸೆಂಟ್. ಬೆಳಿಗ್ಗೆ ಎಂಟೂವರೆಗೆ ಅಪ್ಪ ಕೊಪ್ಪೆ ಹಾಕಿಕೊಂಡು ಅಂಗಳದಾಚೆಯ ಮಳೆಮಾಪಕದ ಹತ್ತಿರ ಹೋಗುತ್ತಿದ್ದರು. ಬಾಟಲಿಯ ನೀರನ್ನು ಗೆರೆಗಾಜಿಗೆ ಸುರಿದು, ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಗಳಿಗೆ ಉಸಿರು ಬಿಗಿಹಿಡಿಯುತ್ತಿದ್ದರು. ಆ ಹೊತ್ತಿಗೆ ಯಾರೂ ಮಾತನಾಡುವ ಹಾಗಿರಲಿಲ್ಲ. ಬರೆದಾದ ಮೇಲೆ ಫೋನಿನ ಮುಂದೆ ಕುಳಿತು ಗಾಳಿಬೀಡು, ಮಾದಾಪುರ, ಸುಂಟಿಕೊಪ್ಪ ಎಂದು ಒಂದೊಂದು ಮನೆಗೂ ಕರೆ. ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಬಿದ್ದಿದ್ದರೆ ಆ ದಿನ ಮನೆಯಲ್ಲಿ ಹಬ್ಬ. ಏಕೆ ಎಂದು ಇಂದಿಗೂ ನನಗೆ ಅರ್ಥವಾಗಿಲ್ಲ.

ಈ ಪುಸ್ತಕಗಳನ್ನು ಏನು ಮಾಡಲಿ? ಇಟ್ಟರೆ ಹುಳು ತಿನ್ನುತ್ತದೆ, ಕೊಡಲು ಮನಸ್ಸಿಲ್ಲ. ನಿಮ್ಮ ಮನೆಗಳಲ್ಲೂ ಇಂಥವು ಇರಬೇಕು. ನೀವು ಏನು ಮಾಡಿದಿರಿ?

ಅಮ್ಮತ್ತಿ ರೋಬಸ್ಟಾ:

ಅಪ್ಪನವರ ಆತ್ಮಕ್ಕೆ ಶಾಂತಿ ಸಿಗಲಿ ಅಣ್ಣಾ. ನಮ್ಮ ಅಜ್ಜ ಬರೆದಿಟ್ಟದ್ದನ್ನು ಮನೆ ರಿಪೇರಿಯ ವರ್ಷ ಹಳೆಯ ಪೇಪರಿನ ಜೊತೆ ಗುಜರಿಯವನಿಗೆ ಹಾಕಿದೆವು. ತೂಕಕ್ಕೆ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನೀವು ಹಾಗೆ ಮಾಡಬೇಡಿ.

ಭಾಗಮಂಡಲದ ಕಡೆಯವನು:

ಶ್ರದ್ಧಾಂಜಲಿ. ಅವರ ಪರಿಚಯ ನನಗೂ ಇತ್ತು, ಫೋನಿನಲ್ಲಿ ಮಾತ್ರ. 'ನಿಮ್ಮಲ್ಲಿ ಎಷ್ಟು' ಎನ್ನುತ್ತಿದ್ದರು, ನಾನು ನಿಜ ಹೇಳುತ್ತಿದ್ದೆ, ಅವರು 'ಹಾಂ' ಎಂದು ಇಟ್ಟುಬಿಡುತ್ತಿದ್ದರು. ವರ್ಷಕ್ಕೆ ಇನ್ನೂರು ಇಂಚು ದಾಟುವ ಊರಿನ ಜೊತೆ ಮಕ್ಕಂದೂರು ಪೈಪೋಟಿಗೆ ಇಳಿಯಬಾರದು ಎಂದು ಒಮ್ಮೆ ಹೇಳಿಯೂ ಬಿಟ್ಟೆ. ಮರುದಿನದಿಂದ ಒಂದು ವಾರ ಕರೆ ಬರಲಿಲ್ಲ. ಎಂಟನೆಯ ದಿನ ಬಂತು. ಅದೇ ಪ್ರಶ್ನೆ.

ಕುಶಾಲನಗರದ ನಿವೃತ್ತ ಮೇಷ್ಟ್ರು:

ಭಾವುಕತೆಗೆ ಅಡ್ಡ ಬರುತ್ತಿಲ್ಲ, ಆದರೆ ಕೆಲವು ಪ್ರಶ್ನೆ ಕೇಳಲೇಬೇಕು. ಮಾಪಕ ಯಾವುದು? ಐದು ಇಂಚಿನ ಬಾಯಿಯ ಸೈಮನ್ಸ್ ಮಾದರಿಯೋ, ಮನೆಯಲ್ಲೇ ಮಾಡಿಕೊಂಡದ್ದೋ? ಎಲ್ಲಿ ನೆಟ್ಟಿದ್ದರು? ಹತ್ತಿರದ ಮರ ಅಥವಾ ಕಟ್ಟಡದ ಎತ್ತರದ ಎರಡರಷ್ಟು ದೂರದಲ್ಲಾದರೂ ಇರಬೇಕು ಎಂಬುದು ನಿಯಮ. ತೋಟದ ಮನೆಗಳಲ್ಲಿ ಅಷ್ಟು ಬಯಲು ಇರುವುದಿಲ್ಲ. ಮಾಪಕ ನೆಟ್ಟಾಗ ಮೊಳಕಾಲಿನಷ್ಟಿದ್ದ ಸಿಲ್ವರ್ ಓಕ್ ಇಪ್ಪತ್ತು ವರ್ಷದಲ್ಲಿ ಆಕಾಶ ಮುಟ್ಟಿರುತ್ತದೆ. ಆಮೇಲಿನ ಅಂಕಿಗಳು ಮಳೆಯವಲ್ಲ, ಮರದಿಂದ ಸೋರಿದ ನೀರಿನವು. ಹಾಗಿದ್ದರೆ ಅವು ನೆನಪಿಗೆ ಸರಿ, ಲೆಕ್ಕಕ್ಕೆ ಬಾರವು.

ಮಕ್ಕಂದೂರಿನವ:

ಮೇಷ್ಟ್ರೇ, ಐದು ಇಂಚಿನದೇ. ಗಾಜು ಒಂದು ಸಲಕ್ಕೆ ಅರ್ಧ ಇಂಚು ಮಳೆ ಅಳೆಯುವಂಥದು, ಹತ್ತು ಹತ್ತು ಸೆಂಟಿಗೆ ಉದ್ದ ಗೆರೆ ಇದೆ. ಮರದ ವಿಷಯಕ್ಕೆ ನೀವು ಹೇಳಿದ್ದು ಸರಿ. 1987ರ ಪುಸ್ತಕದ ಹಿಂದಿನ ರಟ್ಟಿನಲ್ಲಿ ಅಪ್ಪ ಒಂದು ನಕ್ಷೆ ಬರೆದು 'ಹಲಸಿನ ಮರ ಬೆಳೆದಿದೆ, ಮಾಪಕವನ್ನು ಕಣದ ಮೂಲೆಗೆ ಬದಲಿಸಿದೆ, 42 ಹೆಜ್ಜೆ' ಎಂದಿದ್ದಾರೆ. ಹಲಸಿನ ಮರವನ್ನು ಕಡಿಯಬಹುದಿತ್ತು. ಅದರ ಹಣ್ಣು ಅವ್ವನಿಗೆ ಇಷ್ಟ.

ಮೈಸೂರಿನ ತಂಗಿ:

ಅಣ್ಣ ಚೆನ್ನಾಗಿ ಬರೆದಿದ್ದಾನೆ, ಆದರೆ ಅಪ್ಪನನ್ನು ಬರೀ ಮಳೆ ಅಳೆಯುವ ಮುದುಕನನ್ನಾಗಿ ಮಾಡಿಬಿಟ್ಟಿದ್ದಾನೆ.

ಅಪ್ಪನಿಗೆ ಸಿಟ್ಟು ಬೇಗ ಬರುತ್ತಿತ್ತು, ಬೇಗ ಹೋಗುತ್ತಿರಲಿಲ್ಲ. ಲೆಕ್ಕದಲ್ಲಿ ಬಿಗಿ. ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ, ಕೊಟ್ಟು ಹಣ ಕಂತು ಕಂತಾಗಿ ಬರುತ್ತಿದ್ದ ಕಾಲ ಅದು. ಹೋದ ವರ್ಷದ ಬೆಳೆಯ ಕೊನೆಯ ಕಂತು ಈ ವರ್ಷದ ಬೆಳೆ ಬರುವಾಗಲೂ ಬಾಕಿ ಇರುತ್ತಿತ್ತು. ಆದ್ದರಿಂದ ಮನೆಯಲ್ಲಿ ಯಾವುದಕ್ಕೂ 'ಕಂತು ಬರಲಿ' ಎಂಬುದೇ ಉತ್ತರ. ನನ್ನ ಕಾಲೇಜಿನ ಫೀಸಿಗೂ ಅದೇ, ಅವ್ವನ ಸೀರೆಗೂ ಅದೇ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿಯ ಕಾಫಿ ಸುಟ್ಟುಹೋದಾಗ ಇಲ್ಲಿ ಬೆಲೆ ಏರಿತಲ್ಲ, ಆಗ ಒಂದು ಹಳೆಯ ಜೀಪು ಬಂತು. ಜೀಪಿನ ಮೊದಲ ಸವಾರಿ ಎಲ್ಲಿಗೆ ಎಂದು ಕೇಳಿ. ಅಪ್ಪ ನನ್ನನ್ನು ಹತ್ತಿಸಿಕೊಂಡು ಮೈಸೂರಿಗೆ ಬಂದು, ಮೂರು ವರ್ಷ ಹಿಂದೆ ಕೊಡಿಸದೇ ಇದ್ದ ಹೊಲಿಗೆ ಯಂತ್ರವನ್ನು ಕೊಡಿಸಿದರು. ಆ ಹೊತ್ತಿಗೆ ನನಗೆ ಹೊಲಿಗೆಯ ಆಸೆ ಹೋಗಿತ್ತು. ಹೇಳಲಿಲ್ಲ. ಯಂತ್ರ ಈಗಲೂ ಇದೆ, ಅದರ ಮೇಲೆ ಟಿ.ವಿ. ಇಟ್ಟಿದ್ದೇನೆ.

ಖುಷಿಯಲ್ಲಿ ಅವರು ಕುಣಿದದ್ದನ್ನು ನೋಡಿದ್ದು ನಮ್ಮ ಸುಗ್ಗಿಹಬ್ಬ ಹುತ್ತರಿಯಲ್ಲಿ ಮಾತ್ರ. ಕದಿರು ಕೊಯ್ಯುವಾಗ 'ಪೊಲಿ ಪೊಲಿ ದೇವಾ' ಎಂದು ಕೂಗುವುದರಲ್ಲಿ ಅವರ ಗಂಟಲನ್ನು ಮೀರಿಸುವವರು ಊರಿನಲ್ಲಿ ಇರಲಿಲ್ಲ. ಗದ್ದೆ ಹೋದ ಮೇಲೆ ಅದೂ ನಿಂತಿತು. ಗದ್ದೆಯ ವಿಷಯವನ್ನು ಅಣ್ಣನೇ ಹೇಳಲಿ.

ಬೆಂಗಳೂರಿನ ಮೊಮ್ಮಗಳು:

ನಾನು ಮಕ್ಕಂದೂರಿನವರ ಮಗಳು. ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಲು ಆರಂಭಿಸಿದ್ದೇನೆ, ಇದುವರೆಗೆ ಇಪ್ಪತ್ತಮೂರು ವರ್ಷ ಆಗಿದೆ. ಅಜ್ಜನ ಅಕ್ಷರ ಮುದ್ದಾಗಿದೆ, ಏಳು ಮತ್ತು ಒಂದರಲ್ಲಿ ಮಾತ್ರ ಗೊಂದಲ. ಚಿಕ್ಕವಳಿದ್ದಾಗ ರಜೆಯಲ್ಲಿ ಬಂದರೆ ಗಾಜು ಹಿಡಿಯಲು ನನಗೆ ಮಾತ್ರ ಬಿಡುತ್ತಿದ್ದರು. 'ನೀರಿನ ಅಂಚು ಬಾಗಿರುತ್ತದೆ, ಬಾಗಿದ ಕೆಳಭಾಗವನ್ನು ಓದು' ಎನ್ನುತ್ತಿದ್ದರು. ಕಾಲೇಜಿನ ಪ್ರಯೋಗಾಲಯದಲ್ಲಿ ಅದನ್ನೇ ಹೇಳಿಕೊಟ್ಟಾಗ ನನಗೆ ಮೊದಲೇ ಗೊತ್ತಿತ್ತು.

ಒಂದು ಕಡೆ ಸಿಕ್ಕಿಬಿದ್ದಿದ್ದೇನೆ. 1983ರ ಜುಲೈ 4ರಿಂದ 24ರವರೆಗೆ ಇಪ್ಪತ್ತೊಂದು ದಿನ ಅಜ್ಜನ ಅಕ್ಷರವೇ ಇಲ್ಲ. ಪೆನ್ಸಿಲ್ಲಿನಲ್ಲಿ ಸೊನ್ನೆಗಳು, ಪಕ್ಕದಲ್ಲಿ ಕೆಲವು ಗೀಟುಗಳು. ಸೊನ್ನೆ ಎಂದರೆ ಮಳೆ ಇಲ್ಲ ಎಂದುಕೊಂಡು ಹಾಗೆಯೇ ಏರಿಸಿದೆ. ವರ್ಷದ ಕೊನೆಯಲ್ಲಿ ಅಜ್ಜ ಬರೆದ ಮೊತ್ತಕ್ಕೂ ನನ್ನ ಮೊತ್ತಕ್ಕೂ 30 ಇಂಚು 20 ಸೆಂಟ್ ವ್ಯತ್ಯಾಸ ಬರುತ್ತಿದೆ. ಅಜ್ಜ ಕೂಡುವುದರಲ್ಲಿ ತಪ್ಪಿದ್ದು ಈ ಒಂದೇ ವರ್ಷ.

ಕುಶಾಲನಗರದ ನಿವೃತ್ತ ಮೇಷ್ಟ್ರು:

ಮಗೂ, ಪುನರ್ವಸು ಮಳೆಯಲ್ಲಿ ಮಕ್ಕಂದೂರಿನಲ್ಲಿ ಮೂರು ವಾರ ಸೊನ್ನೆಯೇ? ಆಗ ನಾನು ಮಾದಾಪುರದಲ್ಲಿ ಕೆಲಸದಲ್ಲಿದ್ದೆ, ಛತ್ರಿ ಮಡಚಿದ ನೆನಪಿಲ್ಲ. ನಿನ್ನ ಅಜ್ಜನ ಲೆಕ್ಕ ಸರಿಯಾಗಿಯೇ ಇರಬೇಕು. ಸೊನ್ನೆಯನ್ನು ಓದುವುದರಲ್ಲಿ ಏನೋ ಎಡವಟ್ಟಾಗಿದೆ.

ಮಕ್ಕಂದೂರಿನವ:

ಆ ಜುಲೈಯಲ್ಲಿ ಅಪ್ಪನಿಗೆ ಮೈಸೂರಿನಲ್ಲಿ ಆಪರೇಷನ್ ಆಯಿತು. ಅವ್ವ ಜೊತೆಗಿದ್ದರು. ನಮ್ಮಿಬ್ಬರನ್ನು ಅವ್ವನ ತವರಿಗೆ ಕಳುಹಿಸಿದ್ದರು. ಮನೆಗೆ ಬೀಗ ಹಾಕಿತ್ತು. ಆ ಗೀಟುಗಳು ನನ್ನ ಕಿತಾಪತಿ ಎಂದೇ ಎಲ್ಲರೂ ನಂಬಿದ್ದರು, ಎಷ್ಟರಮಟ್ಟಿಗೆ ಎಂದರೆ ನಾನೂ ನಂಬಿದ್ದೆ.

ಗದ್ದೆಯ ವಿಷಯ ತಂಗಿ ಎತ್ತಿದ್ದಾಳೆ. 2018ರ ಆಗಸ್ಟ್, ಕೊಡಗಿನ ಬೆಟ್ಟಗಳು ಕುಸಿದ ಮಳೆ. ಈ ವೇದಿಕೆಯಲ್ಲಿ ಅನೇಕರು ನಮಗಿಂತ ಹೆಚ್ಚು ಕಳೆದುಕೊಂಡಿದ್ದೀರಿ, ಆದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಆ ವಾರ ಬಾಟಲಿ ತುಂಬಿ ಹೊರಗಿನ ಪಾತ್ರೆಗೂ ನೀರು ಹರಿಯುತ್ತಿತ್ತು, ಅಪ್ಪ ಹಗಲಲ್ಲೇ ಮೂರು ಮೂರು ಸಲ ಅಳೆಯುತ್ತಿದ್ದರು. ಆಶ್ಲೇಷ ಮುಗಿದು ಮಖಾ ಹುಟ್ಟುವ ಹೊತ್ತು. ಹದಿನಾರರ ಸಾಲಿನಲ್ಲಿ ಒಂದೇ ಪದ ಇದೆ: 'ಅಳೆಯಲಿಲ್ಲ.' ಆ ಬೆಳಿಗ್ಗೆ ಮೇಲಿನ ಬೆಟ್ಟದಿಂದ ಶಬ್ದ ಬಂತು. ಉಟ್ಟ ಬಟ್ಟೆಯಲ್ಲಿ ಹೊರಟು ಮಡಿಕೇರಿಯ ಪರಿಹಾರ ಕೇಂದ್ರ ಸೇರಿದೆವು. ಅಲ್ಲಿ ಅಪ್ಪ ಕೋಟಿನ ಜೇಬಿನಿಂದ ಗೆರೆಗಾಜನ್ನು ತೆಗೆದಾಗ ಅವ್ವನಿಗೆ ಬಂದ ಸಿಟ್ಟನ್ನು ನೀವು ನೋಡಬೇಕಿತ್ತು. 'ನನ್ನ ಪತ್ತಾಕ್ ಸರ ಬೀರುವಿನಲ್ಲೇ ಉಳಿಯಿತು, ನೀವು ಗಾಜು ತಂದಿರಿ.'

ಮನೆ ಉಳಿಯಿತು. ಗದ್ದೆಯ ಮೇಲೆ ಆಳೆತ್ತರ ಮಣ್ಣು, ಅದರ ಮೇಲೆ ಬೇರೆಯವರ ತೋಟದ ಕಾಫಿ ಗಿಡಗಳು, ಬೇರುಸಹಿತ, ಕಾಯಿಸಹಿತ. ಅಪ್ಪ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಕ್ಟೋಬರಿನಲ್ಲಿ ಮಾಪಕವನ್ನು ಕಣದ ಮೂಲೆಯಲ್ಲಿ ಮತ್ತೆ ನೆಟ್ಟರು. ಎಂಬತ್ತು ವರ್ಷ ವಯಸ್ಸು, ಗುಂಡಿಯನ್ನು ತಾವೇ ತೋಡಿದರು.

ಗೋಣಿಕೊಪ್ಪದ ಮೆಕ್ಯಾನಿಕ್:

ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಬೇಕೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ನಾನು ಆ ತೋಟದ ಲೈನ್‌ಮನೆಯಲ್ಲಿ, ಕೂಲಿಯವರ ಸಾಲುಮನೆಯಲ್ಲಿ, ಹುಟ್ಟಿದವನು. ತೀರಿಹೋದವರ ಬಗ್ಗೆ ಕೆಟ್ಟದ್ದು ಆಡಬಾರದು, ಆಡುತ್ತಿಲ್ಲ. ಆದರೆ ಆ ಪುಸ್ತಕವನ್ನು ನಾವು ಇನ್ನೊಂದು ಬದಿಯಿಂದ ನೋಡುತ್ತಿದ್ದೆವು.

ಸಾಹುಕಾರರು ಎಂಟೂವರೆಗೆ ಗಾಜು ಎತ್ತಿದರೆ ಲೈನಿನ ಜಗಲಿಯಿಂದ ಎಲ್ಲರ ಕಣ್ಣೂ ಅವರ ಮೇಲೆ. ಅವರು ಹೆಚ್ಚು ಹೊತ್ತು ಬರೆದರೆ ಹೆಚ್ಚು ಮಳೆ. ಹೆಚ್ಚು ಮಳೆ ಎಂದರೆ ಆ ದಿನ ಕೆಲಸ ಇಲ್ಲ, ಕೂಲಿ ಇಲ್ಲ. ಹನ್ನೊಂದು ಗಂಟೆಗೆ ಮಳೆ ಹಿಡಿದು ಕೆಲಸ ನಿಂತರೆ ಅರ್ಧ ದಿನ. ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಎಂದು ನೀವು ಗಾದೆ ಹೇಳುತ್ತೀರಿ, ನಮ್ಮ ಮನೆಯಲ್ಲಿ ಆ ಎರಡು ವಾರ ಒಲೆ ಹೊತ್ತಿಸುವುದೇ ಲೆಕ್ಕಾಚಾರ. ಅಕ್ಕಿ ಕೊಡುತ್ತಿದ್ದರು, ಇಲ್ಲ ಎನ್ನುವುದಿಲ್ಲ. ಕೊಟ್ಟದ್ದನ್ನು ಕೊಯ್ಲಿನ ಕೂಲಿಯಲ್ಲಿ ಸೇರಿನ ಲೆಕ್ಕದಲ್ಲಿ ಹಿಡಿಯುತ್ತಿದ್ದರು. ಬೇರೆ ತೋಟಗಳಲ್ಲಿ ಹಿಡಿಯುವಾಗ ಎರಡರಷ್ಟು ಹಿಡಿಯುತ್ತಿದ್ದರು ಎಂದು ಅವ್ವ ಹೇಳುತ್ತಿದ್ದಳು. ಇವರು ಕೊಟ್ಟಷ್ಟೇ ಹಿಡಿದರು. ಅಷ್ಟು ಸರಿ.

ಇನ್ನು ಆ ಸೊನ್ನೆಗಳು. ಅವು ನಿಮ್ಮ ಕಿತಾಪತಿ ಅಲ್ಲ ಅಣ್ಣಾ, ನನ್ನ ಅವ್ವನವು.

ಸಾಹುಕಾರರು ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅವ್ವನನ್ನು ಕರೆದು ಗಾಜು, ಪುಸ್ತಕ, ಪೆನ್ಸಿಲ್ಲು ಕೊಟ್ಟರು. ತೋಟದ ಲೆಕ್ಕ ಬರೆಯುವ ರೈಟರಿಗೆ ಏಕೆ ಕೊಡಲಿಲ್ಲವೋ ಗೊತ್ತಿಲ್ಲ. ರೈಟರ್ ಎಂಟೂವರೆಗೆ ಏಳುವ ಮನುಷ್ಯ ಅಲ್ಲ ಎಂದು ಲೈನಿನಲ್ಲಿ ಹೇಳುತ್ತಿದ್ದರು. ಅವ್ವನಿಗೆ ಓದು ಬರಹ ಬಾರದು. ಅವಳೇ ದಾರಿ ಮಾಡಿಕೊಂಡಳು. ಗಾಜು ಒಂದು ಸಲ ತುಂಬಿದರೆ ಒಂದು ಸೊನ್ನೆ, ಅದು ಗಾಜಿನ ಬಾಯಿ. ತುಂಬದೆ ಉಳಿದ ನೀರಿಗೆ ಗಾಜಿನ ಮೇಲೆ ಎಷ್ಟು ಉದ್ದ ಗೆರೆ ಕಾಣುತ್ತದೆಯೋ ಅಷ್ಟು ಗೀಟು. ನಾನು ಛತ್ರಿ ಹಿಡಿಯುತ್ತಿದ್ದೆ, ನನಗೆ ಒಂಬತ್ತು ವರ್ಷ. ಸಣ್ಣ ಗೆರೆಗಳನ್ನೂ ಹಾಕೋಣ ಎಂದು ನಾನು ಹೇಳಿದ್ದಕ್ಕೆ 'ಅಷ್ಟು ಕಣ್ಣು ನನಗಿಲ್ಲ' ಎಂದಳು.

ಅಮ್ಮತ್ತಿ ರೋಬಸ್ಟಾ:

ಅಯ್ಯೋ.

ಬೆಂಗಳೂರಿನ ಮೊಮ್ಮಗಳು:

ಈಗ ಎಣಿಸಿದೆ. ಇಪ್ಪತ್ತೊಂದು ದಿನಗಳಲ್ಲಿ ಒಟ್ಟು 52 ಸೊನ್ನೆ, 42 ಗೀಟು. ಸೊನ್ನೆಗೆ ಅರ್ಧ ಇಂಚಿನಂತೆ 26 ಇಂಚು. ಗೀಟಿಗೆ ಹತ್ತು ಸೆಂಟಿನಂತೆ 4 ಇಂಚು 20. ಕೂಡಿದರೆ 30 ಇಂಚು 20 ಸೆಂಟ್.

ಅಜ್ಜನಿಗೆ ಗೊತ್ತಿತ್ತು. ಒಂದೊಂದನ್ನೂ ಓದಿ ವರ್ಷದ ಮೊತ್ತಕ್ಕೆ ಸೇರಿಸಿಕೊಂಡಿದ್ದಾರೆ. ತಪ್ಪಿದ್ದು ನಾನು.

ಕುಶಾಲನಗರದ ನಿವೃತ್ತ ಮೇಷ್ಟ್ರು:

ಹತ್ತು ಸೆಂಟಿಗಿಂತ ಕೆಳಗಿನದನ್ನು ಬಿಟ್ಟಿರುವುದರಿಂದ ನಿಜವಾದ ಮಳೆ ಇನ್ನೂ ಸ್ವಲ್ಪ ಹೆಚ್ಚೇ ಇರುತ್ತದೆ. ದಿನಕ್ಕೆ ಸರಾಸರಿ ಐದು ಸೆಂಟ್ ಎಂದಿಟ್ಟುಕೊಂಡರೆ ಇಪ್ಪತ್ತೊಂದು ದಿನಕ್ಕೆ ಸುಮಾರು ಒಂದು ಇಂಚು. ಮೂವತ್ತರಲ್ಲಿ ಒಂದು. ನಾನು ಮೂವತ್ತಾರು ವರ್ಷ ಗಣಿತ ಕಲಿಸಿದ್ದೇನೆ, ಇಷ್ಟು ಅಚ್ಚುಕಟ್ಟಾಗಿ ಅಳೆದು ಬರೆದ ವಿದ್ಯಾರ್ಥಿಗಳು ಹೆಚ್ಚು ಸಿಗಲಿಲ್ಲ.

ಮೈಸೂರಿನ ತಂಗಿ:

ಅವರ ಮುಖ ನನಗೆ ನೆನಪಿದೆ. ಕೊಯ್ಲಿನ ದಿನ ಸಂಜೆ ಚೀಲ ತೂಗುವಾಗ ತಕ್ಕಡಿಯ ಮುಳ್ಳನ್ನು ಬಗ್ಗಿ ನೋಡುತ್ತಿದ್ದರು, ಉಳಿದವರು ಯಾರೂ ನೋಡುತ್ತಿರಲಿಲ್ಲ. ಅಪ್ಪ ಅದಕ್ಕೆ ಸಿಡುಕುತ್ತಿದ್ದರು. ಪುಸ್ತಕವನ್ನು ಅವರ ಕೈಗೇ ಕೊಟ್ಟದ್ದು ಅದೇ ಕಾರಣಕ್ಕೆ ಇರಬೇಕು.

ಅಪ್ಪ ಇದನ್ನು ನಮಗೆ ಒಮ್ಮೆಯೂ ಹೇಳಲಿಲ್ಲ. ಅಣ್ಣನ ಮೇಲೆ ಅಪವಾದ ಬಂದಾಗಲೂ ಬಾಯಿ ಬಿಡಲಿಲ್ಲ. ಅದು ನನಗೆ ಸರಿ ಕಾಣುವುದಿಲ್ಲ. ಪ್ರೀತಿ ಬೇರೆ, ಇದು ಬೇರೆ.

ಭಾಗಮಂಡಲದ ಕಡೆಯವನು:

ಅದೇ ಇಪ್ಪತ್ತೊಂದು ದಿನದ ನಮ್ಮ ಮನೆಯ ಅಂಕಿ ಹುಡುಕಿ ತೆಗೆದೆ. ಎಂದಿನಂತೆ ನಮ್ಮದೇ ಹೆಚ್ಚು. ಎಷ್ಟು ಎಂದು ಈ ಸಲ ಹೇಳುವುದಿಲ್ಲ.

ಮಡಿಕೇರಿಯ ಗ್ರಂಥಪಾಲಕಿ:

ಮೊದಲ ಪ್ರಶ್ನೆಗೆ ಉತ್ತರ ಬಾಕಿ ಇದೆ. ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ನಮ್ಮ ಮಳೆಗಾಲದಲ್ಲಿ ಒಳಗೇ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಹರಡಲೂ ಬೇಡಿ, ಶಾಯಿ ಮಾಸುತ್ತದೆ. ಬೇಸಿಗೆ ಮುಗಿಯುವ ಮುಂಚೆ, ಗಾಳಿ ಒಣಗಿರುವಾಗಲೇ, ಹಾಳೆ ಹಾಳೆಯಾಗಿ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಕಿಟಕಿಯ ಪಕ್ಕದ ಬೆಳಕು ಸಾಕು, ಫ್ಲ್ಯಾಶ್ ಬೇಡ. ರಟ್ಟಿನ ಒಳಬದಿಯನ್ನೂ ಬಿಡಬೇಡಿ, ನಕ್ಷೆ ಇದ್ದದ್ದು ಅಲ್ಲೇ ಅಲ್ಲವೇ. ಪೆನ್ಸಿಲ್ಲಿನ ಹಾಳೆಗಳನ್ನು ಉಜ್ಜಬೇಡಿ.

ಪ್ರತಿಗಳನ್ನು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ, ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಬೇಕೇ ಎಂದು ಕೇಳಿ ನೋಡಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಯಂತ್ರಗಳು ಈಗ ಕಾಲು ಗಂಟೆಗೊಮ್ಮೆ ಮಳೆ ಕಳುಹಿಸುತ್ತವೆ, ನಿಜ. ಆದರೆ 1965ರಲ್ಲಿ ನಿಮ್ಮ ಬೆಟ್ಟದ ಬದಿಯಲ್ಲಿ ಎಷ್ಟು ಬಿತ್ತು ಎಂದು ಅವು ಹೇಳಲಾರವು. ಮೂಲವನ್ನು ಮಾತ್ರ ಮನೆಯಲ್ಲೇ ಇಟ್ಟುಕೊಳ್ಳಿ.

ಮಕ್ಕಂದೂರಿನವ:

ಎಲ್ಲರಿಗೂ ಕೃತಜ್ಞತೆ. ಗೋಣಿಕೊಪ್ಪದವರೇ, ನೀವು ಬರೆದದ್ದನ್ನು ನಿನ್ನೆ ರಾತ್ರಿ ಅವ್ವನಿಗೆ ಓದಿ ಹೇಳಿದೆ. ಕೂಲಿಯ ಭಾಗವನ್ನೂ ಬಿಡದೆ ಓದಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆಸ್ಪತ್ರೆಯಲ್ಲಿ ಬೆಳಿಗ್ಗೆ ಎಂಟೂವರೆಗೆ ಗಡಿಯಾರ ನೋಡಿ, ಈಗ ಅವಳು ಇಳಿದು ಬಂದಿರುತ್ತಾಳೆ ಎನ್ನುತ್ತಿದ್ದರು, ಯಾರು ಎಂದು ನಾನು ಕೇಳಲಿಲ್ಲ' ಎಂದರು. ನರ್ಸ್ ಬಗ್ಗೆ ಹೇಳುತ್ತಿದ್ದಾರೆ ಎಂದುಕೊಂಡಿದ್ದರಂತೆ.

ಅಕ್ಕಿಯ ಲೆಕ್ಕವೂ ಮಳೆಪುಸ್ತಕದ ಅಂಚಿನಲ್ಲೇ ಇದೆ, 'ಅ 2', 'ಅ 3' ಎಂದು. ಅದನ್ನು ಇಷ್ಟು ದಿನ 'ಅಂದಾಜು' ಎಂದು ಓದುತ್ತಿದ್ದೆವು. ಮಗಳು ಅದಕ್ಕೂ ಒಂದು ಕಂಬಸಾಲು ಮಾಡುತ್ತಿದ್ದಾಳೆ. ಮಳೆ ಏರಿದ ವಾರ ಅದೂ ಏರುತ್ತದೆ. ನೋಡಲು ಅಷ್ಟು ಹಿತವಾಗಿಲ್ಲ, ಆದರೂ ಇರಲಿ.

1983ರ ಪುಸ್ತಕದ ಮೇಲೆ ಅಳೆದವರ ಹೆಸರು ಎಂಬ ಜಾಗದಲ್ಲಿ ಅಪ್ಪನ ಹೆಸರು ಮಾತ್ರ ಇದೆ. ಪ್ರತಿ ಮಾಡುವಾಗ ಅದರ ಕೆಳಗೆ ನಿಮ್ಮ ಅವ್ವನ ಹೆಸರನ್ನು ಬರೆಯಬೇಕೆಂದಿದ್ದೇನೆ. ಹೇಳಲು ನಾಚಿಕೆಯಾಗುತ್ತದೆ, ನಾವೆಲ್ಲ ದೊಡ್ಡವ್ವ ಎಂದೇ ಕರೆಯುತ್ತಿದ್ದೆವು, ಹೆಸರು ಗೊತ್ತಿಲ್ಲ. ಮನೆಗೆ ಬಂದು ಆ ಹಾಳೆಯನ್ನು ನೋಡಿ. ಬರುವ ಮುಂಚೆ ತಿಳಿಸಿದರೆ ಅವ್ವ ಅಡುಗೆ ಮಾಡಿಸುತ್ತಾರೆ.

ಗೋಣಿಕೊಪ್ಪದ ಮೆಕ್ಯಾನಿಕ್:

ಭಾನುವಾರ ಬರುತ್ತೇನೆ. ಹೆಸರನ್ನು ಇಲ್ಲಿ ಹಾಕುವುದಿಲ್ಲ, ನಿಮಗೆ ಪ್ರತ್ಯೇಕ ಸಂದೇಶದಲ್ಲಿ ಕಳುಹಿಸಿದ್ದೇನೆ. ನಾನು ಬರೆದಂತೆಯೇ ಬರೆಯಿರಿ. ರೇಷನ್ ಕಾರ್ಡಿನಲ್ಲಿ ಒಂದು ಅಕ್ಷರ ತಪ್ಪಿತ್ತು, ಸಾಯುವವರೆಗೂ ಅದು ತಿದ್ದಿಕೆಯಾಗಲಿಲ್ಲ.